ಹಿಮದಲ್ಲಿ ಸಾಹೇಬರು

ಚಿಕ್ಕಮರಿಗೌಡ ಹುಟ್ಟಿದಾರಭ್ಯ ಹಿಮವನ್ನು ಮುಟ್ಟಿದವನಲ್ಲ. ಆದರೂ ಪಕ್ಷದ ಮುಖ್ಯಸ್ಥರಾದ ಸಾಹೇಬರ ಹುಟ್ಟುಹಬ್ಬ ಹಿಮಬೆಟ್ಟದ ರೆಸಾರ್ಟಿನಲ್ಲಿ ಎಂದು ಗೊತ್ತಾದದ್ದೇ ತಡ, ಎಲ್ಲರಿಗಿಂತ ಮುಂಚೆ ಬಂದಿಳಿದ. ಸಾಹೇಬರ ಹಿಮದ ಮೂರ್ತಿ ಮಾಡಿ ಮೆಚ್ಚಿಸಿದರೆ ಈ ಸಲದ ಚುನಾವಣೆಯ ಟಿಕೆಟ್ ತನಗೇ ಎಂಬ ಆಸೆ ಅವನದು.

ರೆಸಾರ್ಟಿನಲ್ಲಿ ಹಿಮದ ಕೆತ್ತನೆ ಕಲಿಸುವ ಹೆಣ್ಣುಮಗಳು ಹುಬ್ಬಳ್ಳಿ ಕಡೆಯವಳು. ಆಳೆತ್ತರದ ಹಲಗೆಯ ಪೆಟ್ಟಿಗೆಗೆ ಹಿಮ ತುಂಬಿಸಿ, ತುಳಿಸಿ ಗಟ್ಟಿ ಮಾಡಿಸಿ, ಹಲಗೆ ಬಿಚ್ಚಿ, ಅವನ ಕೈಗೆ ಉಳಿ ಕೊಟ್ಟಳು.

"ತಲಿಯಿಂದ ಶುರು ಮಾಡ್ರೀ ಅಣ್ಣಾರ. ಕಾಲು ಕಡೀಕ."

"ಸುಮ್ಕಿರವ್ವ. ನಮ್ ಪಕ್ಷದಲ್ಲಿ ಏನಿದ್ರೂ ಕಾಲಿಂದ್ಲೇ ಶುರು."

ಬೆಳಗಿನಿಂದ ಮಂಡಿಯೂರಿ ಕೆತ್ತಿದ. ಊದಿದ ಹೆಬ್ಬೆರಳು, ಸೀಳಿದ ಉಗುರು, ಚಪ್ಪಲಿಯ ಪಟ್ಟಿ, ಎಲ್ಲವೂ ಪಡಿಯಚ್ಚಿನಂತೆ ಬಂದವು. ಅಷ್ಟರಲ್ಲಿ ಕಾರುಗಳ ಹಾರನ್ ಕೇಳಿತು. ಪಾದದ ಮೇಲೆ ಇನ್ನೂ ಬರೀ ಹಿಮದ ದಿಮ್ಮಿ.

ಕಲಿಸುವವಳು ದಿಮ್ಮಿಯ ಮೇಲ್ತುದಿ ತೋರಿಸಿದಳು: "ಮಾರಿ ಎಲ್ಲೈತ್ರೀ ಅಣ್ಣಾರ? ಕಣ್ಣು, ಮೂಗು?"

"ಕೆಟ್ಟೆ ಕಣವ್ವ! ಟಿಕೆಟ್ ಹೋಯ್ತು!"

ಮುಂದಿನ ಕಾರಿನಿಂದ ಸಾಹೇಬರು ಇಳಿದರು. ಚಳಿಗೆ ಕಣ್ಣೆರಡು ಬಿಟ್ಟು ಮುಖವೆಲ್ಲ ಮುಚ್ಚುವ ಮಂಕಿ ಟೋಪಿ, ಕಾಲಿಗೆ ದಪ್ಪ ಬೂಟು. ಹಿಂದಿನ ಕಾರುಗಳ ಮುಖಂಡರು ಅವರನ್ನು ದಾಟಿಕೊಂಡು ಓಡಿಬಂದು, ಹಿಮದ ಪಾದಗಳನ್ನು ಕಂಡಿದ್ದೇ ಒಬ್ಬರ ಮೇಲೊಬ್ಬರು ಅಡ್ಡಬಿದ್ದರು.

"ನೂರು ವರ್ಷ ಬಾಳಿ, ಸಾಹೇಬ್ರೇ!"

ಬೀಳಲು ಜಾಗ ಸಿಗದ ಒಬ್ಬ, ಅಷ್ಟರಲ್ಲಿ ಅಲ್ಲಿಗೆ ಬಂದು ಅಡ್ಡ ನಿಂತಿದ್ದ ಬೂಟಿನವರ ಭುಜ ಹಿಡಿದು ನೂಕಿದ:

"ಪಕ್ಕಕ್ ಸರಿಯಯ್ಯ, ಸಾಹೇಬ್ರ ಕಾಲಿಗ್ ಬೀಳ್ಬೇಕು!"