ರಾಜ್ಯದಲ್ಲೇ ಅತಿ ಕೆಂಪು ಕಿವಿ

ನಮ್ಮ ಮುಖ್ಯಮಂತ್ರಿ ಯಂತ್ರ. ಬೈದರೆ ಅದಕ್ಕೆ ನಾಚಿಕೆಯಾಗುವುದಿಲ್ಲ. ಅದಕ್ಕೇ ಉಪಮುಖ್ಯಮಂತ್ರಿಯಾಗಿ ನಾನಿದ್ದೇನೆ. ಜನ ಬೈದು ನನ್ನ ಕಿವಿ ಕೆಂಪಾದರೆ, ತಿರಸ್ಕರಿಸಿದ ಅರ್ಜಿಯನ್ನು ಯಂತ್ರ ಮತ್ತೆ ನೋಡುತ್ತದೆ. ನನ್ನ ಕಿವಿಯ ಬೆಳಕಿಗೆ ಬೆಂಗಳೂರಿನ ಕೋಳಿಗಳೆಲ್ಲ ಕೂಗುತ್ತವೆ, ಅಷ್ಟು ಕೆಂಪು!

ಹಳ್ಳಕ್ಕೆ ಸೇತುವೆ ಕೇಳಲು ಬಂದ ನೀಲವ್ವ ಮಾತ್ರ ಕೈಮುಗಿದೇ ನಿಂತಳು. ಸಂಜೆಯೊಳಗೆ ಬೈಯದಿದ್ದರೆ, ಯಂತ್ರ ತಿರಸ್ಕರಿಸಿದ್ದ ಅವಳ ಅರ್ಜಿ ಕಾಯಮ್ಮಾಗಿ ಮುಚ್ಚಿಹೋಗುತ್ತಿತ್ತು.

"ಬೈಯವ್ವ!"

"ದೇವರಂಥವ್ರಿಗೆ ಹೆಂಗ ಬೈಲ್ರಿ, ಸಾಹೇಬ್ರ?"

ಕೊನೆಗೆ ಅವಳ ಬುತ್ತಿಗೇ ಕೈಹಾಕಿ ಒಂದು ರೊಟ್ಟಿ ತೆಗೆದು ಕಡಿದೆ. "ಇದು ರೊಟ್ಟಿನೋ, ಚಪ್ಪಲಿನೋ?"

"ಏ ಹೊಟ್ಟಿಬಾಕ! ತಲಿ ಮ್ಯಾಲ ಹೊತ್ತು ಹಳ್ಳ ಈಸಿ ತಂದ ರೊಟ್ಟಿಗೆ ಹೆಸರಿಡ್ತೀಯೇನೋ? ನಾಚಿಕಿ ಐತಿಲ್ಲೋ ನಿನಗ?"

ಕಿವಿ ಧಗಧಗ ಉರಿಯಿತು. ಯಂತ್ರ ಸೇತುವೆ ಮಂಜೂರು ಮಾಡಿತು.

"ತಪ್ಪಾತ್ರೀ," ಎಂದು ನೀಲವ್ವ ನಾಲಿಗೆ ಕಚ್ಚಿಕೊಂಡಳು.

"ಇನ್ನೊಂದು ಕೊಡವ್ವ. ಭೂಮಂಡಲದಲ್ಲೇ ಇಂಥ ರೊಟ್ಟಿ ತಿಂದಿಲ್ಲ," ಎಂದೆ.

ಆ ಮಾತಿನಲ್ಲಿ ಮಾತ್ರ ಬಡಾಯಿ ಇರಲಿಲ್ಲ.