ಕಣ್ಣು ಕೂರಿಸುವ ವಿಭಾಗ

ಆ ಲೆಕ್ಕ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಅವಳು ಎರಡು ಸಲ ಹುಡುಕಿದಳು. ಅಧ್ಯಾಯದ ಕೊನೆಯ ಪ್ರಶ್ನೆಗಳಲ್ಲಿಲ್ಲ, ಹಳೆಯ ಪರೀಕ್ಷೆಗಳಲ್ಲೂ ಇಲ್ಲ.

ಹಾಗಾದರೆ ಗುಬ್ಬಚ್ಚಿಗೆ ಅದು ಸಿಕ್ಕಿದ್ದೆಲ್ಲಿ?

ಗುಬ್ಬಚ್ಚಿ ಅವಳ ಸಹಪಾಠಿ. ಆನ್‌ಲೈನ್ ವಿಶ್ವವಿದ್ಯಾಲಯದಲ್ಲಿ ನಿರ್ವಹಣಾ ಲೆಕ್ಕಶಾಸ್ತ್ರದ ಮೊದಲ ಕೋರ್ಸು. ನಾನೂರು ಜನ, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಚರ್ಚೆಯ ಪುಟದಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು. ಅವಳದು ಪೆನ್ಸಿಲ್. ಸೋಮವಾರ ಗುಬ್ಬಚ್ಚಿ ಅವಳೊಬ್ಬಳಿಗೇ ಬರೆದಿದ್ದ.

“ಒಂದು ಬೊಂಬೆ ಕಾರ್ಖಾನೆ. ಮೂರು ವಿಭಾಗ: ಕತ್ತರಿಸುವುದು, ಹೊಲಿಯುವುದು, ಕಣ್ಣು ಕೂರಿಸುವುದು. ಕಣ್ಣಿನ ವಿಭಾಗದಲ್ಲಿ ಹದಿನಾಲ್ಕು ಜನ. ಅದೇ ಕೆಲಸ ಹೊರಗೆ ಕೊಟ್ಟರೆ ತಿಂಗಳಿಗೆ ಎಂಟು ಸಾವಿರ ಕಡಿಮೆ. ಇಟ್ಟುಕೊಳ್ಳಬೇಕೋ ಮುಚ್ಚಬೇಕೋ? ನಿಮ್ಮ ಉತ್ತರಗಳು ಓದಲು ಚೆನ್ನಾಗಿರುತ್ತವೆ. ಕಾರಣ ಸಮೇತ ಬರೆದುಕೊಡ್ತೀರಾ? ಶುಕ್ರವಾರ ಕೊಡಬೇಕು.” ಜೊತೆಗೆ ಖರ್ಚಿನ ಪಟ್ಟಿ.

ಈ ವಾರ ಎಲ್ಲರೂ ತಾವೇ ಒಂದು ಲೆಕ್ಕ ಆರಿಸಿಕೊಂಡು ಬಿಡಿಸಿ ಕೊಡಬೇಕಿತ್ತು; ತರಗತಿಯ ಗಡುವು ಭಾನುವಾರ. ಇವನಿಗೆ ಶುಕ್ರವಾರವೇ ಏಕೆ?

“ತನ್ನ ಹೋಮ್‌ವರ್ಕ್ ನನ್ನ ಕೈಲಿ ಮಾಡಿಸ್ತಿದ್ದಾನೆ,” ಅಂದಳು ಅಮ್ಮನಿಗೆ. “ನನಗಿಂತ ಮುಂಚೆ ಕೊಟ್ಟುಬಿಟ್ರೆ, ನಕಲು ಮಾಡಿದವಳು ನಾನೇ ಆಗ್ತೀನಿ.”

“ಅಲ್ಲಾಡಬೇಡ,” ಅಂದಳು ಅಮ್ಮ. ಮಗಳ ತೋಳಿನ ಗುಂಡಿ ಸಡಿಲವಾಗಿತ್ತು. ಅಮ್ಮ ನಾಲ್ಕು ಹೊಲಿಗೆ ಹಾಕಿ, ನೋಡದೆಯೇ ಗಂಟು ಬಿಗಿದು, ಹಲ್ಲಿನಿಂದ ದಾರ ಕತ್ತರಿಸಿದಳು. ಶರ್ಟಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಪಳಗಿದ ಕೈ. “ಕೇಳಿದವರಿಗೆ ಹೇಳಿಕೊಟ್ರೆ ನಿನ್ನ ಗಂಟೇನು ಹೋಗುತ್ತೆ?”

ಅಮ್ಮನ ಗಂಟೇ ಹೋಗುತ್ತಿತ್ತು. ಮಗಳಿಗೆ ದಂತವೈದ್ಯರ ಬಳಿ ಅರ್ಧ ದಿನದ ಕೆಲಸ; ಕೋರ್ಸಿನ ಕಂತು ಅಮ್ಮನ ಸಂಬಳದಿಂದ. ಪಾಸಾದರೆ ವೈದ್ಯರು ಪೂರ್ತಿ ಕೆಲಸ ಕೊಡುತ್ತಾರೆ. ಆಗ ಅಮ್ಮನಿಗೆ ಬಿಡುವು. ಅಲ್ಲಿಯವರೆಗೆ ಇನ್ನೂ ಒಂದು ವರ್ಷ ಅಮ್ಮನ ಸಂಬಳ ತಪ್ಪಬಾರದು.

“ಬೊಂಬೆಗೆ ಕಣ್ಣೇ ಇಲ್ಲದಿದ್ರೆ ಯಾರು ಕೊಳ್ತಾರೆ?” ಅಮ್ಮ ಕೇಳಿದಳು.

“ಹೊರಗೆ ಕೊಟ್ಟು ಮಾಡಿಸ್ತಾರಮ್ಮ.”

“ಆ ಹದಿನಾಲ್ಕು ಜನ ಏನಾಗ್ತಾರೆ?”

“ಇದು ಬರೀ ಲೆಕ್ಕ ಅಮ್ಮ. ಅವರು ನಿಜವಾಗಿ ಇಲ್ಲ.”

ಗುರುವಾರ ಊಟದ ಬಿಡುವಿನಲ್ಲಿ ಉತ್ತರ ಬರೆದಳು. ಈವರೆಗೆ ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ, ಕೇಳಿದ್ದು ಹಿತವಾಗಿತ್ತು. ಕೂಡಿದಳು, ಕಳೆದಳು, ಮತ್ತೆ ಕೂಡಿದಳು. ಮುಚ್ಚಬೇಕು. ಕೊನೆಯ ವಾಕ್ಯವನ್ನು ಮೂರು ಸಲ ತಿದ್ದಿದಳು: “ಕಣ್ಣಿನ ವಿಭಾಗದ ನಷ್ಠವನ್ನು ಉಳಿದೆರಡು ವಿಭಾಗಗಳು ಬೆನ್ನ ಮೇಲೆ ಹೊತ್ತು ನಡೆಯುವುದು ನ್ಯಾಯವಲ್ಲ.” ಓದಿಕೊಂಡಾಗ, ಬೇರೆ ಯಾರೋ ದೊಡ್ಡವರು ಬರೆದಂತಿತ್ತು.

ಗುಬ್ಬಚ್ಚಿ ಕೈಮುಗಿಯುವ ಚಿತ್ರ ಕಳಿಸಿದ. ಭಾನುವಾರ ಅವಳು ಅದನ್ನೇ ತನ್ನ ಹೆಸರಿನಲ್ಲೂ ಸಲ್ಲಿಸಿದಳು, ತಾನೇ ಆರಿಸಿಕೊಂಡ ಲೆಕ್ಕವೆಂದು.

ಸೋಮವಾರ ಬೆಳಿಗ್ಗೆ ಕೋರ್ಸಿನ ಮೇಡಂ ತಿದ್ದಿದ ಪ್ರತಿ ಬಂತು. ಎರಡು ಕೆಂಪು ಗೆರೆ.

ಮೊದಲನೆಯದು ಸಣ್ಣದು: “ನಷ್ಟ ಅಲ್ಪಪ್ರಾಣ. ಠ ಬೇಡ. ಪ್ರತಿ ಸಲವೂ ಇದೇ ತಪ್ಪು.”

ಎರಡನೆಯದು ಖರ್ಚಿನ ಪಟ್ಟಿಯ ಕೆಳಗೆ. “ಈ ವಿಭಾಗದ ತಲೆಗೆ ಕಟ್ಟಡದ ಬಾಡಿಗೆಯಲ್ಲಿ ಇಪ್ಪತ್ತು ಸಾವಿರ ಹೊರಿಸಿದ್ದಾರೆ. ಮುಚ್ಚಿದರೆ ಕೆಲಸಗಾರರು ಹೋಗುತ್ತಾರೆ, ಬಾಡಿಗೆ ಹೋಗುವುದಿಲ್ಲ. ಹೊಸಬರೆಲ್ಲ ಎಡವುವ ಜಾಗ ಇದು. ಮತ್ತೆ ಲೆಕ್ಕ ಹಾಕಿ.”

ಅವಳು ಮತ್ತೆ ಲೆಕ್ಕ ಹಾಕಿದಳು. ಬಾಡಿಗೆ ತೆಗೆದರೆ, ಆ ಹದಿನಾಲ್ಕು ಜನ ಹೊರಗಿನವರಿಗಿಂತ ಹನ್ನೆರಡು ಸಾವಿರ ಅಗ್ಗ. ಅವರಿಂದ ನಷ್ಟವೇ ಇರಲಿಲ್ಲ. ಮುಚ್ಚಲೇಬಾರದು.

ತನ್ನ ಅಂಕ ಹೋದರೆ ಹೋಗಲಿ, ನಂಬಿ ಕೇಳಿದವನದ್ದೂ ಹೋಯಿತಲ್ಲ. ತಕ್ಷಣ ಬರೆದಳು: “ಉತ್ತರ ತಪ್ಪು. ಮುಚ್ಚಬಾರದು. ದಯವಿಟ್ಟು ವಾಪಸ್ ತಗೊಳ್ಳಿ.”

ಗುಬ್ಬಚ್ಚಿ ಮಧ್ಯಾಹ್ನ ಉತ್ತರಿಸಿದ. “ಅಯ್ಯೋ, ಶುಕ್ರವಾರವೇ ಕೊಟ್ಟಾಯ್ತು. ಒಪ್ಪಿಗೆಯೂ ಆಯ್ತು. ಭಾಷೆ ಚೆನ್ನಾಗಿದೆ ಅಂತ ಹೊಗಳಿದ್ರು.”

“ಒಂದು ಮಾತು ಹೇಳಿ ನೋಡಿ. ತಿದ್ದೋಕೆ ಬಿಡ್ತಾರೆ.”

“ನಮ್ಮಲ್ಲಿ ಹಾಗೆಲ್ಲ ತಿದ್ದೋದಿಲ್ಲ. ಬಿಡಿ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.”

ಹಚ್ಚಿಕೊಂಡಳು. ಮಂಗಳವಾರವೆಲ್ಲ ರೋಗಿಗಳ ಹೆಸರು ತಪ್ಪುತಪ್ಪಾಗಿ ಕೂಗಿದಳು.

ಮನೆಗೆ ಬಂದಾಗ ಮೂರು ಗಂಟೆ. ಬಾಗಿಲು ತೆರೆದಿತ್ತು. ಅಮ್ಮ ಆರಕ್ಕೆ ಬರಬೇಕಾದವಳು, ಕುರ್ಚಿಯಲ್ಲಿ ಕೂತಿದ್ದಳು. ಚಪ್ಪಲಿ ಬಿಚ್ಚಿರಲಿಲ್ಲ. ತೊಡೆಯ ಮೇಲೆ ಊಟದ ಡಬ್ಬಿ, ತೆರೆದೇ ಇಲ್ಲ.

“ಹುಷಾರಿಲ್ವಾ ಅಮ್ಮ?”

“ಹುಷಾರಾಗೇ ಇದೀನಿ.” ಅಮ್ಮ ಒಂದು ಕಾಗದ ಚಾಚಿದಳು. ನಾಲ್ಕು ಮಡಿಕೆ, ಅಂಚು ಒದ್ದೆ. “ಗೇಟಿನಲ್ಲಿ ನಮ್ಮ ಹದಿನಾಲ್ಕು ಜನಕ್ಕೂ ಒಂದೊಂದು ಕೊಟ್ರು. ಕನ್ನಡಕ ಮೇಜಿನ ಮೇಲೇ ಉಳೀತು. ವಾಪಸ್ ಒಳಗೆ ಬಿಡಲಿಲ್ಲ.”

ಅವಳು ಮಡಿಕೆ ಬಿಚ್ಚಿದಳು.

“ಲೆಕ್ಕ ಹಾಕಿಯೇ ಮಾಡಿದ್ದಂತೆ,” ಅಂದಳು ಅಮ್ಮ. “ನೀನು ಅದನ್ನೇ ಓದ್ತಿದೀಯಲ್ಲ. ಸರಿ ಇದೆಯಾ ನೋಡು, ಮರಿ. ಜೋರಾಗಿ ಓದು.”

“ಗುಂಡಿ ವಿಭಾಗದ ನಷ್ಠವನ್ನು ಉಳಿದೆರಡು ವಿಭಾಗಗಳು ಬೆನ್ನ ಮೇಲೆ ಹೊತ್ತು ನಡೆಯುವುದು ನ್ಯಾಯವಲ್ಲ.”