ತಗೊಂಡಿದ್ದು ಕೊಟ್ಟಿಲ್ಲವಂತೆ

ಅಂಗಡಿಯ ಬಾಗಿಲು ತೆಗೆದು ಹೊಲಿಗೆ ಯಂತ್ರಕ್ಕೆ ಇನ್ನೂ ಎಣ್ಣೆ ಬಿಟ್ಟಿರಲಿಲ್ಲ, ಶಾಲೆಯ ಹೆಡ್‌ಮಿಸ್ಸು ದಡದಡನೆ ಮೆಟ್ಟಿಲೇರಿ ಬಂದರು. "ಏನ್ರೀ ಟೈಲರ್, ನಿಮ್ಮ ವಿಷಯ ಎಲ್ಲಾ ಗೊತ್ತಾಯ್ತು! ಬೆಳಗ್ಗೆ ಯಾರೋ ನಂಗೆ ಫೋನ್ ಮಾಡಿದ್ದ." ಟೈಲರ್ ಎಣ್ಣೆಯ ಡಬ್ಬಿ ಹಿಡಿದುಕೊಂಡೇ ಎದ್ದು ನಿಂತ.

ಎರಡು ತಿಂಗಳಿಂದ ಅವನು ಹೆದರುತ್ತಿದ್ದುದು ಇದೇ ಮಾತಿಗೆ. ಯಂತ್ರದ ಮೋಟಾರು ಸುಟ್ಟುಹೋದಾಗ ಫೋನಿನ ಆ್ಯಪೊಂದರಲ್ಲಿ ಚಿಟಿಕೆ ಹೊಡೆಯುವುದರೊಳಗೆ ಪುಟ್ಟ ಸಾಲವೊಂದು ಸಿಕ್ಕಿತ್ತು. ಅದನ್ನು ತೀರಿಸಲು ಇನ್ನೊಂದು ಆ್ಯಪ್, ಅದರ ಬಡ್ಡಿಗೆ ಮತ್ತೊಂದು. ಕೊನೆಗೆ ವಸೂಲಿಯವನೊಬ್ಬ ದಿನವೂ ಫೋನ್ ಮಾಡಿ, "ನಿನ್ನ ಫೋನಲ್ಲಿರೋ ಅಷ್ಟೂ ನಂಬರು ನಮ್ಮ ಹತ್ರ ಇದೆ. ಎಲ್ಲರಿಗೂ ಹೇಳಿ ಮಾನ ಹರಾಜು ಹಾಕ್ತೀನಿ" ಎಂದು ಗುಡುಗತೊಡಗಿದ್ದ. ನಮ್ಮ ಟೈಲರ್ ಮಹಾ ಉಪಾಯಗಾರ. ಫೋನನ್ನೇ ಆಫ್ ಮಾಡಿ ಯಾರೂ ಮುಟ್ಟದ ಹಳೇ ಗುಂಡಿಗಳ ಡಬ್ಬಿಯೊಳಗೆ ಹೂತಿಟ್ಟ.

ಅಲ್ಲಿಗೆ ವ್ಯಾಪಾರವೂ ಡಬ್ಬಿ ಸೇರಿತು. "ಆದ್ಮೇಲೆ ನಾನೇ ಫೋನ್ ಮಾಡ್ತೀನಿ, ಸುಮ್ನೆ ಓಡಾಡ್ಬೇಡಿ" ಎಂದು ಗಿರಾಕಿಗಳಿಗೆ ಹೇಳಿ ಕಳಿಸುವುದು ಮೊದಲಿನಿಂದ ಅವನ ಅಂಗಡಿಯ ಕ್ರಮ. ಪಾಪ, ಅವರು ಅವನ ಫೋನಿಗೆ ಕಾಯುತ್ತ ಕೂತರು. ಹೊಲಿದಿಟ್ಟ ಬಟ್ಟೆ ಗೋಡೆ ತುಂಬ ತೂಗುತ್ತಿತ್ತು, ಗಲ್ಲಾಪೆಟ್ಟಿಗೆ ಮಾತ್ರ ಭಣಭಣ ಎನ್ನುತ್ತಿತ್ತು. ಮೂಲೆಯಲ್ಲಿ ಕೂತು ಗುಂಡಿ ಹಚ್ಚುವ ಅಕ್ಕ, "ಜನ ಬಟ್ಟೆ ಹಾಕ್ಕೊಳ್ಳೋದನ್ನೇ ಬಿಟ್ರೇನೋ?" ಎಂದು ಒಂದೆರಡು ಸಲ ಕೇಳಿದ್ದಳು. ತಾಯಿಯ ಹಾಗೆ ಸಾಕಿದ ಅಕ್ಕ ಅವಳು. ಅವಳಿಗೆ ಗೊತ್ತಾಗುವುದಕ್ಕಿಂತ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಿದರೆ ವಾಸಿ ಎಂದು ಅವನಿಗೆ ಅನ್ನಿಸುತ್ತಿತ್ತು.

ಈಗ ಆ ಅಕ್ಕ ಸೂಜಿ ನಿಲ್ಲಿಸಿ ತಲೆಯೆತ್ತಿದಳು. "ಏನಂದ ಫೋನಿನೋನು?"

"ಈ ಮನುಷ್ಯ ತಗೊಂಡಿದ್ದು ವಾಪಸ್ ಕೊಟ್ಟಿಲ್ಲ, ವಾಯಿದೆ ಮೀರಿ ತಿಂಗಳಾಯ್ತು, ಫೋನೂ ಎತ್ತಲ್ಲ, ಇಂಥೋರು ನಿಮಗೆ ಗೊತ್ತಾ ಅಂದ. ಗೊತ್ತಿಲ್ದೆ ಏನು, ನಂದೂ ಎರಡು ಕೋಟು ಅಲ್ಲೇ ಬಿದ್ದಿದೆ, ನಿಮ್ಮದೇನು, ಶರ್ಟಾ ಪ್ಯಾಂಟಾ ಅಂತ ಕೇಳ್ದೆ. ತಬ್ಬಿಬ್ಬಾಗಿ ಫೋನ್ ಇಟ್ಬಿಟ್ಟ." ಹೆಡ್‌ಮಿಸ್ಸು ದನಿ ತಗ್ಗಿಸಿದರು. "ಅವನ ಬಟ್ಟೆ ಮೊದಲು ಕೊಟ್ಬಿಡಿ ಟೈಲರ್. ಹಾಕ್ಕೊಳ್ಳೋಕೆ ಬೇರೆ ಇಲ್ವೋ ಏನೋ, ಅಷ್ಟು ಕೂಗಾಡ್ತಿದ್ದ."

ಟೈಲರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೋಟುಗಳನ್ನು ಇಳಿಸಿ ಮಡಿಸಿ ಕೊಟ್ಟ, ಹೆಡ್‌ಮಿಸ್ಸು ಕೂಲಿ ಕೊಟ್ಟು ಹೋದರು. ಅವರು ಮೆಟ್ಟಿಲಿಳಿಯುವಾಗ ಬಸ್ ಕಂಡಕ್ಟರ್ ಹತ್ತುತ್ತಿದ್ದ. ಅವನಿಗೂ ಫೋನ್ ಬಂದಿತ್ತು. "ನಾನೂ ಆ ಪುಣ್ಯಾತ್ಮನೂ ಸೇರಿ ನಿನ್ನ ಚೆನ್ನಾಗಿ ಬೈದ್ವಿ ಕಣಯ್ಯಾ, ಮನಸ್ಸು ಹಗುರ ಆಯ್ತು. ತಾ ನನ್ನ ಪ್ಯಾಂಟು" ಎಂದ. ಹೊತ್ತೇರುತ್ತ ಅಂಗಡಿ ಜಾತ್ರೆಯಂತಾಯಿತು. ಕೊಡಬೇಕಾದ್ದು ಕೊಟ್ಟಿಲ್ಲ ಎಂಬ ಮಾತನ್ನು ವಸೂಲಿಯವನು ಎಷ್ಟು ಸಲ ಹೇಳಿದನೋ, ಕೇಳಿದವರೆಲ್ಲ ತಂತಮ್ಮ ಬಟ್ಟೆ ನೆನೆದುಕೊಂಡು ಓಡಿಬಂದಿದ್ದರು. ಟೈಲರ್ ಅಂದಮೇಲೆ ವಾಯಿದೆ ತಪ್ಪುವುದು ಯಾರಿಗೂ ಹೊಸ ಸುದ್ದಿಯಾಗಿರಲಿಲ್ಲ.

ಗದ್ದಲ ಕರಗಿದ ಮೇಲೆ ಅಕ್ಕ ಎದ್ದು ಬಂದು ಅವನ ಎದುರು ಕೂತಳು. "ಎಲ್ಲರ ಬಟ್ಟೆಗೂ ಗುಂಡಿ ಹಚ್ಚೋಳು ನಾನು. ಫೋನ್ ಮಾಡಿದೋನ ಬಟ್ಟೆ ಮಾತ್ರ ನನ್ನ ಕೈಗೆ ಬಂದಿಲ್ಲ. ಅವನಿಗೆ ಏನು ಕೊಡ್ಬೇಕೋ ನೀನು?"

ಅವನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಅಕ್ಕನ ಕಣ್ಣು ತುಂಬಿತು, ಹಿಂದೆಯೇ ಸಿಟ್ಟೂ ನೆತ್ತಿಗೇರಿತು. "ಸಾಲ ಮಾಡಿದ್ದಕ್ಕಲ್ಲ ಕಣೋ ನಂಗೆ ಬೇಜಾರು. ಮಾರು ದೂರದಲ್ಲಿ ಕೂತಿದ್ದೆನಲ್ಲ, ಅಕ್ಕಾ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ದಾಡಿ? ಇವತ್ತಿಂದ ಗಲ್ಲಾ ನಂದು. ಬಟ್ಟೆ ನಿಂದು." ಆ ಮಾತು ಕೇಳಿ ಟೈಲರಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ಒಂದೇ ದಿನಕ್ಕೆ ಎಲ್ಲ ಮುಗಿಯಲಿಲ್ಲ. ಆದರೆ ಗಿರಾಕಿಗಳು ವಾರವಿಡೀ ಬರುತ್ತಲೇ ಇದ್ದರು, ಬಂದವರು ಬರಿಗೈಯಲ್ಲಿ ಬರದೆ ಹೊಸ ಬಟ್ಟೆಯನ್ನೂ ಹೊಲಿಯಲು ಕೊಟ್ಟರು. ಅಕ್ಕ ಡಬ್ಬಿಯಿಂದ ಫೋನ್ ತೆಗೆಸಿ, ಒಂದೊಂದೇ ಸಾಲ ಕಟ್ಟಿಸಿ, ಒಂದೊಂದೇ ಆ್ಯಪನ್ನು ಅವನ ಕೈಯಿಂದಲೇ ಕಿತ್ತುಹಾಕಿಸಿದಳು. ಕೊನೆಯದನ್ನು ಕಟ್ಟಿ ಉಸಿರು ಬಿಡುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಈ ಸಲ ಟೈಲರ್ ಧೈರ್ಯವಾಗಿ ಎತ್ತಿದ.

"ಏನೋ, ಮಾನ ಹೋದ್ರೂ ಬುದ್ಧಿ ಬರಲಿಲ್ವಾ?" ವಸೂಲಿಯವನು ಗುಡುಗಿದ.

"ಈಗಷ್ಟೇ ಕಟ್ಟಿದೀನಿ ಸಾರ್, ಬಡ್ಡಿ ಸಮೇತ. ಸ್ವಲ್ಪ ನೋಡ್ಕೊಳ್ಳಿ."

ಆ ಕಡೆ ಕಂಪ್ಯೂಟರ್ ಕೀಲಿಮಣೆಯ ಟಕಟಕ ಸದ್ದು. ಆಮೇಲೆ ದನಿ ಬೆಣ್ಣೆಯಂತಾಯಿತು. "ಓಹ್, ಬಂದಿದೆ ಸಾರ್. ತುಂಬಾ ಸಂತೋಷ. ನಿಮ್ಮಂಥ ಒಳ್ಳೆ ಗ್ರಾಹಕರಿಗೆ ಈಗ ಡಬಲ್ ಸಾಲ ಕೊಡ್ತಿದೀವಿ. ಬೇಕಾ ಸಾರ್?"

ಅಕ್ಕ ಕತ್ತರಿ ಹಿಡಿದು ಎದ್ದು ನಿಂತಳು. ಟೈಲರ್ ಕೈಸನ್ನೆಯಿಂದಲೇ ಅವಳನ್ನು ಸಮಾಧಾನಪಡಿಸಿ, ಗೋಡೆಯ ಮೇಲೆ ಉಳಿದಿದ್ದ ಬಟ್ಟೆಗಳ ಕಡೆ ಒಮ್ಮೆ ಕಣ್ಣು ಹಾಯಿಸಿದ.

"ಸಾಲ ಬೇಡ ಸಾರ್. ಒಂದು ಉಪಕಾರ ಆಗ್ಬೇಕಿತ್ತು. ಇನ್ನೂ ಐದಾರು ಜನ ಬಟ್ಟೆ ತಗೊಂಡು ಹೋಗಿಲ್ಲ. ಅವರಿಗೂ ಒಂದ್ಸಲ ಫೋನ್ ಮಾಡಿ ನನ್ನ ಮಾನ ಕಳೆದುಬಿಡ್ತೀರಾ?"